ಉಪ್ಪಳ, ಮಂಜೇಶ್ವರ ಎರಡೂ ಒಂದೇ ಥರ ಕಂಡವು

ಲ್ಯಾಬಿನ ಪುಟ್ಟ ತಟ್ಟೆಯಲ್ಲಿ, ಅಂದರೆ ಡಿಶ್‌ನಲ್ಲಿ, ನರಕೋಶ ಬೆಳೆಸಿ, ಅದಕ್ಕೆ ಐಎಲ್-6, ಟಿಎನ್‌ಎಫ್ ಥರದ ಸೈಟೊಕೈನ್ ಅನ್ನುವ ಪ್ರೋಟೀನ್ ಹಾಕಿ, ಕೋಶದ ಕೊಂಬೆಗಳು ಹೇಗೆ ಬೆಳೆಯುತ್ತವೆ ಅಂತ ನೋಡುವುದು ನನ್ನ ಕೆಲಸ. ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಇದರಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಆ ತಪ್ಪು ಹೇಗೆ ಆಯಿತು, ಹೇಗೆ ಗೊತ್ತಾಯಿತು ಅನ್ನುವುದನ್ನು ಇದ್ದ ಹಾಗೆ ಬರೆಯುತ್ತೇನೆ. ಈ ಕೆಲಸಕ್ಕೆ ಬರುವ ನಮ್ಮ ಕಡೆಯ ಮಕ್ಕಳಿಗೆ ಉಪಯೋಗ ಆದರೆ ಸಂತೋಷ.

ನನ್ನ ಮನೆ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಒಳಗೆ, ಬದಿಯಡ್ಕ ಕಡೆ ಹೋಗುವ ದಾರಿಯಲ್ಲಿ. ಹತ್ತನೆಯವರೆಗೆ ಕನ್ನಡ ಮೀಡಿಯಂ. ಲ್ಯಾಬ್ ಇರುವುದು ಗಡಿಯಾಚೆ, ಮಂಗಳೂರಿನಲ್ಲಿ. ಬೆಳಿಗ್ಗೆ ಕುಂಬಳೆಯಲ್ಲಿ ರೈಲು ಹತ್ತಿದರೆ ಉಪ್ಪಳ, ಮಂಜೇಶ್ವರ, ಉಳ್ಳಾಲ, ಆಮೇಲೆ ನೇತ್ರಾವತಿ ಸೇತುವೆ. ಈ ಸ್ಟೇಷನ್‌ಗಳ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಈ ಸೈಟೊಕೈನ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಜ್ವರ ಬಂದಾಗ ಮೈಕೈ ನೋವು ಬರುತ್ತದೆ, ಊಟ ಸೇರುವುದಿಲ್ಲ, ಸುಮ್ನೆ ಕವುಚಿ ಮಲಗಬೇಕು ಅನ್ನಿಸುತ್ತದೆ, ಅಲ್ವಾ? ಅದನ್ನೆಲ್ಲ ರೋಗಾಣು ನೇರವಾಗಿ ಮಾಡುವುದು ಕಡಿಮೆ. ರೋಗಾಣು ಬಂದಿದೆ ಅಂತ ಗೊತ್ತಾದ ಕೂಡಲೇ ನಮ್ಮದೇ ರಕ್ಷಣಾ ಕೋಶಗಳು ಪುಟ್ಟ ಪುಟ್ಟ ಪ್ರೋಟೀನ್‌ಗಳನ್ನು ಹೊರಗೆ ಬಿಡುತ್ತವೆ. ಒಂದು ಕೋಶ ಇನ್ನೊಂದಕ್ಕೆ ಕಳಿಸುವ ಸುದ್ದಿ ಅದು. ಐಎಲ್-1, ಐಎಲ್-6, ಟಿಎನ್‌ಎಫ್, ಇಂಟರ್‌ಫೆರಾನ್, ಇವೆಲ್ಲ ಆ ಜಾತಿ. ಆ ಸುದ್ದಿ ಮೆದುಳಿಗೂ ಮುಟ್ಟುತ್ತದೆ, ಅದಕ್ಕೇ ನಾವು ಮಲಗುವುದು.

ಆದರೆ ಇವು ಜ್ವರದ ದಿನ ಮಾತ್ರ ಕೆಲಸ ಮಾಡುವಂಥವಲ್ಲ. ಮೆದುಳು ಕಟ್ಟುವ ಕಾಲದಲ್ಲಿ, ಯಾವ ಸೋಂಕೂ ಇಲ್ಲದಾಗ ಕೂಡ ಇವುಗಳ ಮಾತುಕತೆ ನಡೆಯುತ್ತಲೇ ಇರುತ್ತದೆ. ಮೆದುಳಿನಲ್ಲಿ ಮೈಕ್ರೊಗ್ಲಿಯಾ ಅಂತ ಒಂದು ಕೋಶ ಇದೆ. ಸ್ಪೇನಿನ ಪಿಯೊ ದೆಲ್ ರಿಯೊ ಓರ್ತೆಗಾ 1919ರಲ್ಲಿ ಅದನ್ನು ಬೇರೆಯಾಗಿ ಗುರುತಿಸಿದರು. ಅದು ಹುಟ್ಟುವುದು ಮೆದುಳಿನಲ್ಲಿ ಅಲ್ಲವೇ ಅಲ್ಲ. ಭ್ರೂಣದ ಹೊರಗಿರುವ ಹಳದಿ ಚೀಲದಲ್ಲಿ ಹುಟ್ಟಿ, ರಕ್ತದ ದಾರಿಯಲ್ಲಿ ಬಂದು ಮೆದುಳಿನಲ್ಲಿ ನೆಲೆಸುತ್ತದೆ. ಇಲಿಗಳಲ್ಲಿ ಇದು 2010ರಲ್ಲಿ ಖಚಿತವಾಯಿತು. ಅಂದರೆ ನರಕೋಶಗಳು ಇನ್ನೂ ಹುಟ್ಟುತ್ತಾ, ಜಾಗ ಹುಡುಕುತ್ತಾ ಇರುವಾಗಲೇ ರಕ್ಷಣಾ ಪಡೆಯ ಕೋಶ ಅಲ್ಲಿ ಬಂದು ಕೂತಿರುತ್ತದೆ. ಮುಂದೆ ಅದೇ ಕೋಶ ಬೇಡದ ಸಂಪರ್ಕಗಳನ್ನು ತಿಂದು ತೆಗೆಯುತ್ತದೆ. ಯಾವುದನ್ನು ತೆಗೆಯಬೇಕು ಅನ್ನುವ ಗುರುತಿಗೆ ಸಿ1ಕ್ಯೂ, ಸಿ3 ಅನ್ನುವ ಪ್ರೋಟೀನ್‌ಗಳು ಬಳಕೆಯಾಗುತ್ತವೆ. ಬ್ಯಾಕ್ಟೀರಿಯಾದ ಮೇಲೆ ಕೂತು ಇದನ್ನು ತಿನ್ನಿ ಅಂತ ಹೇಳುವ ಪ್ರೋಟೀನ್‌ಗಳೇ ಇವು. ಇದನ್ನು ಮೊದಲ ಸಲ ಓದಿದ ದಿನ ನಾನು ರೈಲಿನಲ್ಲಿದ್ದೆ, ಇಳಿಯುವ ಸ್ಟೇಷನ್ ಬಂದದ್ದೇ ಗೊತ್ತಾಗಲಿಲ್ಲ. ಒಂದೇ ಪದವನ್ನು ಮೈ ಎರಡು ಕಡೆ ಎರಡು ಅರ್ಥದಲ್ಲಿ ಬಳಸುತ್ತದೆ ಅಂದರೆ ಎಂಥ ಚಂದ!

ಈಗ ನನ್ನ ಡಿಶ್‌ಗೆ ಬರುತ್ತೇನೆ.

ಪ್ರಾಣಿ ಪ್ರಯೋಗದ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, 18 ದಿನದ ಇಲಿ ಭ್ರೂಣಗಳಿಂದ ಹಿಪೊಕ್ಯಾಂಪಸ್ ಅನ್ನುವ ಭಾಗವನ್ನು ತೆಗೆಯುತ್ತೇವೆ. ನೆನಪು ಕಟ್ಟುವುದರಲ್ಲಿ ಮುಖ್ಯವಾದ ಭಾಗ. ಅಷ್ಟು ಎಳೆಯ ಮೆದುಳಿನಲ್ಲಿ ಅದು ಅಕ್ಕಿಕಾಳಿಗಿಂತ ಸಣ್ಣದು, ಗೇರುಬೀಜದ ಹಾಗೆ ಬಾಗಿರುತ್ತದೆ. ಮೈಕ್ರೊಸ್ಕೋಪಿನ ಕೆಳಗೆ ಚಿಮಟ ಹಿಡಿದು ಮೇಲಿನ ತೆಳು ಪೊರೆಯನ್ನು ಮೊದಲು ಬಿಡಿಸಬೇಕು. ಆ ಪೊರೆ ಉಳಿದರೆ ಡಿಶ್ ತುಂಬ ಬೇಡದ ಕೋಶ ಬೆಳೆಯುತ್ತದೆ. ಆಮೇಲೆ ಕೋಶಗಳ ನಡುವಿನ ಹಿಡಿತ ಸಡಿಲಿಸುವ ಟ್ರಿಪ್ಸಿನ್‌ನಲ್ಲಿ 37 ಡಿಗ್ರಿಯಲ್ಲಿ 15 ನಿಮಿಷ. ತೊಳೆದು, ಗಾಜಿನ ಪಾಶ್ಚರ್ ಪಿಪೆಟ್‌ನಿಂದ ಮೆಲ್ಲಗೆ ಎಳೆದು ಬಿಡುವುದು. ಪಿಪೆಟ್‌ನ ತುದಿಯನ್ನು ಬರ್ನರ್ ಬೆಂಕಿಗೆ ಒಂದು ಕ್ಷಣ ಹಿಡಿದು ನುಣುಪು ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಗಾಜಿನ ಚೂಪು ಅಂಚಿಗೆ ಕೋಶಗಳು ಹರಿದುಹೋಗುತ್ತವೆ. ಹತ್ತು ಹನ್ನೆರಡು ಸಲ ಎಳೆದು ಬಿಟ್ಟರೆ ಸಾಕು. ಗುಳ್ಳೆ ಬರಬಾರದು. ಗುಳ್ಳೆ ಬಂದರೆ ಆ ದಿನದ ಅರ್ಧ ಕೋಶ ಹೋಯಿತು ಅಂತಲೇ ಲೆಕ್ಕ. ಕೈ ಪಳಗಲು ನನಗೆ ಎಂಟು ತಿಂಗಳು ಬೇಕಾಯಿತು.

ಕೋಶ ಕೂರುವ ಗಾಜಿಗೆ ಹಿಂದಿನ ದಿನವೇ ಪಾಲಿ-ಲೈಸೀನ್ ಹಚ್ಚಿಟ್ಟಿರುತ್ತೇವೆ, ಅದು ಅಂಟಿನ ಹಾಗೆ. ಕೋಶ ಕೂತ ಕೆಲವೇ ಗಂಟೆಗಳಲ್ಲಿ ಸುತ್ತ ತೆಳು ಬಟ್ಟೆಯ ಥರ ಅಂಚು ಹರಡುತ್ತದೆ. ಅರ್ಧ ದಿನ ಕಳೆಯುವಾಗ ನಾಲ್ಕೈದು ಸಣ್ಣ ಮೊಳಕೆ. ಎರಡನೇ ದಿನಕ್ಕೆ ಅದರಲ್ಲಿ ಒಂದು ಮಾತ್ರ ಉಳಿದವನ್ನು ಬಿಟ್ಟು ಉದ್ದಕ್ಕೆ ಓಡುತ್ತದೆ, ಅದೇ ಆಕ್ಸಾನ್. ಉಳಿದವು ನಾಲ್ಕನೇ ದಿನದಿಂದ ದಪ್ಪಗಾಗುತ್ತಾ ಕವಲೊಡೆಯುತ್ತಾ ಡೆಂಡ್ರೈಟ್ ಆಗುತ್ತವೆ. ಈ ಹಂತಗಳನ್ನು 1988ರಲ್ಲಿ ದೊತ್ತಿ, ಸಲಿವಾನ್, ಬ್ಯಾಂಕರ್ ಬರೆದಿಟ್ಟಿದ್ದಾರೆ. ಇವತ್ತಿಗೂ ಯಾವ ಡಿಶ್ ನೋಡಿದರೂ ಅದೇ ಕ್ರಮದಲ್ಲಿ ನಡೆಯುತ್ತದೆ.

ನನ್ನ ಪ್ರಶ್ನೆ ಸರಳ. ಡೆಂಡ್ರೈಟ್ ಬೆಳೆಯುವ ನಾಲ್ಕನೇ ದಿನದಿಂದ ಏಳನೇ ದಿನದವರೆಗೆ ಡಿಶ್‌ನಲ್ಲಿ ಐಎಲ್-6 ಇದ್ದರೆ ಕವಲು ಜಾಸ್ತಿ ಆಗುತ್ತದಾ, ಕಡಿಮೆ ಆಗುತ್ತದಾ?

ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಐಎಲ್-6ಗೆ ಎರಡು ಮುಖ ಇದೆ. 1988ರಲ್ಲೇ ಜಪಾನಿನವರು ಪಿಸಿ12 ಅನ್ನುವ ಇಲಿ ಕೋಶಕ್ಕೆ ಐಎಲ್-6 ಹಾಕಿ, ಅದು ನರಕೋಶದ ಹಾಗೆ ಕೊಂಬೆ ಬಿಡುವುದನ್ನು ತೋರಿಸಿದ್ದರು. ಅಂದರೆ ಬೆಳೆಸುವ ಮುಖ. ಇನ್ನೊಂದು ಕಡೆ, 2007ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನ ಪಾಲ್ ಪ್ಯಾಟರ್ಸನ್ ಅವರ ತಂಡ ಬಸುರಿ ಇಲಿಗಳಿಗೆ ಐಎಲ್-6 ಒಂದೇ ಸಲ ಚುಚ್ಚಿದಾಗ ಹುಟ್ಟಿದ ಮರಿಗಳ ನಡವಳಿಕೆ ಬದಲಾದದ್ದನ್ನು ಕಂಡಿತು. ವೈರಸ್ ಬಂದ ಹಾಗೆ ಮೈಯನ್ನು ನಂಬಿಸುವ ಪಾಲಿ ಐಸಿ ಅನ್ನುವ ವಸ್ತು ಕೊಟ್ಟರೂ ಹಾಗೇ ಆಗುತ್ತದೆ, ಆದರೆ ಐಎಲ್-6 ಜೀನ್ ಇಲ್ಲದ ಇಲಿಗಳಲ್ಲಿ ಆ ಬದಲಾವಣೆ ಕಾಣಲಿಲ್ಲ. ವೈರಸ್ಸೇ ಇಲ್ಲ, ತಾಯಿಯ ಮೈಯ ಸುದ್ದಿ ಮಾತ್ರ, ಅದಕ್ಕೆ ಮರಿಯ ಮೆದುಳು ಕಿವಿಗೊಟ್ಟಿದೆ. ಒಂದೇ ಅಣು ಅಲ್ಲಿ ಬೆಳೆಸಿತು, ಇಲ್ಲಿ ಕೆಡಿಸಿತು. ನನ್ನ ಡಿಶ್‌ನಲ್ಲಿ ಅದು ಯಾವ ಮುಖ ತೋರಿಸುತ್ತದೆ ಅಂತ ನೋಡುವ ಆಸೆ.

ನರಕೋಶಗಳನ್ನು ಬೆತ್ತಲೆ ಗಾಜಿನ ಮೇಲೆ ಬಿಡದೆ, ಅವಕ್ಕೆ ಆಸರೆಯಾಗುವ ಗ್ಲಿಯಾ ಕೋಶಗಳ ಹಾಸಿನ ಮೇಲೆ ಕೂರಿಸಿದೆ. ಹಾಗೆ ಕೂರಿಸಿದರೆ ಚೆನ್ನಾಗಿ ಬೆಳೆಯುತ್ತವೆ, ಮೆದುಳಿನ ಒಳಗಿನ ಸ್ಥಿತಿಗೂ ಹತ್ತಿರ. ಆ ಹಾಸಿನಲ್ಲಿ ಹೆಚ್ಚಿನದ್ದು ಆಸ್ಟ್ರೊಸೈಟ್ ಅನ್ನುವ ಗ್ಲಿಯಾ, ನಡುವೆ ಅಲ್ಲಲ್ಲಿ ಮೈಕ್ರೊಗ್ಲಿಯಾ. ಐಎಲ್-6 ಪುಡಿಯಾಗಿ ಬರುತ್ತದೆ, ಪ್ರೋಟೀನ್ ಟ್ಯೂಬಿನ ಗೋಡೆಗೆ ಅಂಟಿಕೊಳ್ಳದ ಹಾಗೆ ಆಲ್ಬುಮಿನ್ ಅನ್ನುವ ಬೇರೆ ಪ್ರೋಟೀನ್ ಸ್ವಲ್ಪ ಬೆರೆಸಿದ ಬಫರ್‌ನಲ್ಲಿ, ಅಂದರೆ ಉಪ್ಪಿನ ದ್ರಾವಣದಲ್ಲಿ, ಕರಗಿಸಬೇಕು. ಆ ಬಫರ್ ನಾನೇ ಮಾಡಿದೆ. ಲ್ಯಾಬಿನ ಪ್ಲಾಸ್ಟಿಕ್ ಕ್ಯಾನಿನಲ್ಲಿದ್ದ ಡಿಸ್ಟಿಲ್ಡ್ ನೀರು ತೆಗೆದು, ಉಪ್ಪು ಹಾಕಿ, ಆಟೊಕ್ಲೇವಿನ ಬಿಸಿ ಹಬೆಯಲ್ಲಿಟ್ಟು, ಆಲ್ಬುಮಿನ್ ಸೇರಿಸಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಫ್ರಿಜ್ಜಿನಲ್ಲಿಟ್ಟೆ. ಹೋಲಿಸಿ ನೋಡಲು ಐಎಲ್-6 ಹಾಕದೆ ಇಟ್ಟ ಕಂಟ್ರೋಲ್ ಡಿಶ್‌ಗೆ ಮಾತ್ರ, ಕೈಗೆ ಸಿಕ್ಕಿತು ಅಂತ, ಖರೀದಿಸಿ ತಂದ ಸೆಲ್ ಕಲ್ಚರ್ ಬಫರ್ ಹಾಕಿದೆ. ಎಲ್ಲ ತಪ್ಪೂ ಈ ಒಂದು ವಾಕ್ಯದಲ್ಲಿದೆ. ಆಗ ನನಗೆ ಅದು ಕಾಣಲೇ ಇಲ್ಲ.

ಏಳನೇ ದಿನ ಕೋಶಗಳನ್ನು ಇದ್ದ ಹಾಗೇ ನಿಲ್ಲುವಂತೆ ಫಿಕ್ಸ್ ಮಾಡಿ, ಡೆಂಡ್ರೈಟ್ ಮಾತ್ರ ಹೊಳೆಯುವ ಹಾಗೆ ಮ್ಯಾಪ್2 ಬಣ್ಣ ಹಾಕಿ ಫೋಟೊ ತೆಗೆದೆ. ಕೋಶದ ನಡುವಿನಿಂದ 10 ಮೈಕ್ರಾನಿಗೊಂದರಂತೆ ವೃತ್ತ ಎಳೆದು, ಪ್ರತಿ ವೃತ್ತವನ್ನು ಎಷ್ಟು ಕೊಂಬೆ ದಾಟುತ್ತವೆ ಅಂತ ಎಣಿಸುವುದು. ಶೋಲ್ ಅನ್ನುವವರು 1953ರಲ್ಲಿ ಹೇಳಿಕೊಟ್ಟ ವಿಧಾನ. ಕೆರೆಗೆ ಕಲ್ಲು ಹಾಕಿದಾಗ ಏಳುವ ಬಳೆಗಳ ಮೇಲೆ ಮರದ ಕೊಂಬೆ ಇಟ್ಟ ಹಾಗೆ.

ಎಣಿಸಿದೆ. ಐಎಲ್-6 ಹಾಕಿದ ಕೋಶಗಳ ಕವಲು ಕಡಿಮೆ. ಕಣ್ಣಿಗೇ ಕಾಣುವಷ್ಟು ಕಡಿಮೆ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. 2020ರ ಫೆಬ್ರವರಿ ಅದು. ಮನೆಗೆ ಬಂದು ಅಮ್ಮನಿಗೆ ಹೇಳಿದೆ, ನನ್ನದೊಂದು ಫಲಿತಾಂಶ ಬಂತು ಅಂತ. ಅಮ್ಮ ಅವತ್ತು ಪಾಯಸ ಮಾಡಿದರು.

ಮರುದಿನ ಗೈಡ್ ಮೇಡಂ ಗ್ರಾಫನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: “ಕುದಿಸಿದ ಐಎಲ್-6 ಹಾಕಿ ನೋಡಿದ್ದೀರಾ?”

ಪ್ರೋಟೀನನ್ನು ಕುದಿಸಿದರೆ ಅದರ ಆಕಾರ ಕೆಡುತ್ತದೆ. ಮೊಟ್ಟೆಯ ಬಿಳಿ ಗಟ್ಟಿಯಾದ ಹಾಗೆ. ಆಕಾರ ಕೆಟ್ಟ ಐಎಲ್-6 ರಿಸೆಪ್ಟರ್‌ಗೆ, ಅಂದರೆ ಕೋಶದಲ್ಲಿ ಸುದ್ದಿ ಹಿಡಿಯುವ ಪ್ರೋಟೀನಿಗೆ, ಕೂರುವುದಿಲ್ಲ, ಕೆಲಸ ಮಾಡುವುದಿಲ್ಲ. ಹಾಗಾಗಿ ಕುದಿಸಿದ್ದನ್ನು ಹಾಕಿದಾಗ ಕೋಶ ಮಾಮೂಲಾಗಿ ಬೆಳೆಯಬೇಕು. ಬೆಳೆದರೆ, ಕವಲು ಕಡಿಮೆ ಮಾಡಿದ್ದು ಐಎಲ್-6 ಅಂತ ಧೈರ್ಯವಾಗಿ ಹೇಳಬಹುದು. ಇದನ್ನು ಪ್ರತಿ ಸೈಟೊಕೈನ್ ಪ್ರಯೋಗದಲ್ಲೂ ಮೊದಲೇ ಇಟ್ಟುಕೊಳ್ಳಬೇಕು. ನಾನು ಇಟ್ಟಿರಲಿಲ್ಲ.

ಇನ್ನೊಂದು ಮಾತನ್ನೂ ಅವರು ಹೇಳಿದರು, ಯಾವ ಡಿಶ್ ಯಾವುದು ಅಂತ ಗೊತ್ತಿಲ್ಲದೆ ಎಣಿಸಿ ಅಂತ. ಅದಕ್ಕೆ ನನ್ನ ಜೊತೆ ಕೆಲಸ ಮಾಡುವ ಉಪ್ಪಳದ ಹುಡುಗಿ ಡಿಶ್‌ಗಳಿಗೆ ಗುಟ್ಟಿನ ಹೆಸರಿಟ್ಟಳು. ನಮ್ಮ ರೈಲಿನ ದಾರಿಯ ಹೆಸರುಗಳೇ: ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ. ಯಾವುದರಲ್ಲಿ ಏನಿದೆ ಅನ್ನುವುದು ಅವಳ ಪುಸ್ತಕದಲ್ಲಿ ಮಾತ್ರ.

ಫೋಟೊ ತೆಗೆದು ಮುಗಿಸಿ ಹಾರ್ಡ್ ಡಿಸ್ಕಿಗೆ ಹಾಕಿದ್ದು ಮಾರ್ಚ್ ಮೂರನೇ ವಾರ. ಆಮೇಲೆ ಏನಾಯಿತು ಅಂತ ಕಾಸರಗೋಡಿನವರಿಗೆ ನಾನು ಹೇಳಬೇಕಾಗಿಲ್ಲ. ಕೋವಿಡ್ ಲಾಕ್‌ಡೌನ್ ಬಂತು, ರೈಲು ನಿಂತಿತು, ತಲಪಾಡಿಯಲ್ಲಿ ಗಡಿ ಮುಚ್ಚಿತು, ದಿನಾ ಮಂಗಳೂರಿಗೆ ಹೋಗಿ ಬರುತ್ತಿದ್ದ ನಮಗೆಲ್ಲ ಮಂಗಳೂರು ಒಮ್ಮೆಲೇ ದೂರದೇಶ ಆಯಿತು. ನನ್ನ ಇನ್‌ಕ್ಯುಬೇಟರಿನಲ್ಲಿದ್ದ ಮುಂದಿನ ಬ್ಯಾಚಿನ ಕೋಶಗಳಿಗೆ ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಮೀಡಿಯಂ, ಅಂದರೆ ಅವು ಬೆಳೆಯುವ ದ್ರವ, ಬದಲಿಸಬೇಕು. ಬದಲಿಸುವವರಿಲ್ಲ. ಅವು ಹೋದವು. ಆ ಬೇಜಾರು ಇನ್ನೂ ಇದೆ, ಆ ಕೋಶಗಳಿಗಾಗಿ ಒಂದು ತಾಯಿ ಇಲಿ, ಅದರ ಮರಿಗಳು ಹೋಗಿದ್ದವಲ್ಲ.

ಮನೆಯ ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಎಣಿಸಲು ಕೂತೆ. ಹೊರಗೆ ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಆ ದಿನಗಳಲ್ಲಿ ಪೇಪರಿನಲ್ಲಿ, ಟಿವಿಯಲ್ಲಿ ಒಂದು ಪದ ಓಡಾಡಲು ಶುರುವಾಯಿತು, ಸೈಟೊಕೈನ್ ಬಿರುಗಾಳಿ. ಕೋವಿಡ್ ಜೋರಾದವರಲ್ಲಿ ಐಎಲ್-6 ವಿಪರೀತ ಏರುತ್ತದೆ, ಅದರ ರಿಸೆಪ್ಟರನ್ನು ತಡೆಯುವ ಟೊಸಿಲಿಜುಮಾಬ್ ಅನ್ನುವ ಮದ್ದು ಕೊಟ್ಟು ನೋಡುತ್ತಿದ್ದಾರೆ, ಅಂತೆಲ್ಲ. ಮೊದಲು ನನ್ನ ಕೆಲಸದ ಹೆಸರು ಹೇಳಿದರೆ ತಲೆಯಾಡಿಸಿ ಸುಮ್ಮನಾಗುತ್ತಿದ್ದ ಮಾವ, ದೊಡ್ಡಪ್ಪ ಎಲ್ಲ ಫೋನ್ ಮಾಡಿ ಐಎಲ್-6 ಬಗ್ಗೆ ಕೇಳತೊಡಗಿದರು. ನನಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ಬಿರುಗಾಳಿ ಅನ್ನುವ ಮಾತು ತಪ್ಪಲ್ಲ. ಆದರೆ ಗಾಳಿ ಅಂದರೆ ಬಿರುಗಾಳಿ ಮಾತ್ರ ಅಂತ ಜನ ತಿಳಿದುಕೊಂಡರು. ದಿನಾ ಬೀಸುವ ಗಾಳಿಯ ಬಗ್ಗೆ ಯಾರೂ ಹೇಳಲಿಲ್ಲ.

ಎಣಿಸುತ್ತಾ ಹೋದೆ. ಕುಂಬಳೆ ಚೆನ್ನಾಗಿ ಕವಲೊಡೆದಿತ್ತು. ಉಪ್ಪಳ ಮೊಂಡು. ಮಂಜೇಶ್ವರವೂ ಮೊಂಡು. ಉಳ್ಳಾಲ ಎಲ್ಲಕ್ಕಿಂತ ಮೊಂಡು. ಉಪ್ಪಳ, ಮಂಜೇಶ್ವರದ ಗ್ರಾಫ್ ಒಂದರ ಮೇಲೊಂದು ಇಟ್ಟರೆ ಗೆರೆ ಬೇರೆ ಮಾಡಲು ಬರುತ್ತಿರಲಿಲ್ಲ. ನನ್ನ ಪ್ರಯೋಗದಲ್ಲಿ ಇದ್ದದ್ದು ಕಂಟ್ರೋಲ್, ಐಎಲ್-6, ಕುದಿಸಿದ ಐಎಲ್-6, ಟಿಎನ್‌ಎಫ್. ಮೊಂಡು ಇರಬೇಕಾದದ್ದು ಎರಡೇ. ಮೂರು ಇದೆ. ಪುಸ್ತಕ ತೆಗೆದು ಓದು ಅಂತ ಉಪ್ಪಳದ ಹುಡುಗಿಗೆ ಫೋನ್ ಮಾಡುವ ಮೊದಲೇ ನನಗೆ ಹೊಟ್ಟೆಯೊಳಗೆ ಗೊತ್ತಾಗಿತ್ತು.

ಅವಳು ಓದಿದಳು. “ಕುಂಬಳೆ ಕಂಟ್ರೋಲ್. ಉಳ್ಳಾಲ ಟಿಎನ್‌ಎಫ್. ಉಪ್ಪಳ ಐಎಲ್-6.” ಸ್ವಲ್ಪ ನಿಲ್ಲಿಸಿ, “ಮಂಜೇಶ್ವರ ಕುದಿಸಿದ್ದು” ಅಂದಳು.

ಕುದಿಸಿ ಕೊಂದ ಪ್ರೋಟೀನ್ ಬದುಕಿದ್ದರ ಹಾಗೇ ಕೆಲಸ ಮಾಡಿದೆ ಅಂದರೆ, ಕೆಲಸ ಮಾಡಿದ್ದು ಪ್ರೋಟೀನ್ ಅಲ್ಲ. ಕುದಿಸಿದರೂ ಸಾಯದ ಬೇರೆ ಏನೋ ಆ ಟ್ಯೂಬಿನಲ್ಲಿದೆ. ಆ ರಾತ್ರಿ ಓದಿದೆ, ಮರುದಿನವೂ ಓದಿದೆ. ಉತ್ತರ ಹೊಸದೇನಲ್ಲ, ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಹಳೇ ಶತ್ರು: ಎಂಡೊಟಾಕ್ಸಿನ್. ಇ. ಕೋಲಿ ಥರದ ಬ್ಯಾಕ್ಟೀರಿಯಾಗಳ ಹೊರ ಹೊದಿಕೆಯ ಎಲ್‌ಪಿಎಸ್. ಬ್ಯಾಕ್ಟೀರಿಯಾ ಸತ್ತರೂ ಅದರ ಹೊದಿಕೆ ನೀರಿನಲ್ಲಿ ಉಳಿಯುತ್ತದೆ. ಕುದಿಸಿದರೆ ಹೋಗುವುದಿಲ್ಲ. ಆಟೊಕ್ಲೇವಿನ 121 ಡಿಗ್ರಿಗೂ ಪೂರ್ತಿ ಹೋಗುವುದಿಲ್ಲ. 0.22 ಮೈಕ್ರಾನ್ ಫಿಲ್ಟರ್ ಬ್ಯಾಕ್ಟೀರಿಯಾವನ್ನು ಹಿಡಿಯುತ್ತದೆ, ಇದನ್ನು ಬಿಟ್ಟುಬಿಡುತ್ತದೆ. ಗಾಜಿನ ಪಾತ್ರೆಯಿಂದ ಇದನ್ನು ಓಡಿಸಬೇಕಾದರೆ ಒಣ ಓವನಿನಲ್ಲಿ 250 ಡಿಗ್ರಿ, ಅರ್ಧ ಗಂಟೆ ಬೇಕು. ನಾನು ಶುದ್ಧ ಅಂತ ನಂಬಿದ್ದ ಬಫರ್ ಸ್ಟೆರೈಲ್ ಆಗಿತ್ತು, ಆದರೆ ಶುದ್ಧ ಆಗಿರಲಿಲ್ಲ. ಇವೆರಡು ಬೇರೆ ಬೇರೆ ಅನ್ನುವುದು ನನಗೆ ಪರೀಕ್ಷೆಗೆ ಓದಿ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ಹಾಗಾದರೆ ಎಲ್‌ಪಿಎಸ್ ನರಕೋಶದ ಕವಲನ್ನು ಹೇಗೆ ಕತ್ತರಿಸಿತು? ಇಲ್ಲಿ ನನಗೆ ವಿಷಯ ನಿಜವಾಗಿ ತೆರೆದುಕೊಂಡಿತು. ಎಲ್‌ಪಿಎಸ್‌ಗೆ ಬೇಕಾದ ಕಿವಿ ಟಿಎಲ್‌ಆರ್4 ಅನ್ನುವ ರಿಸೆಪ್ಟರ್. ಅದು ಮೈಕ್ರೊಗ್ಲಿಯಾದಲ್ಲಿ ಧಾರಾಳವಾಗಿದೆ. ನನ್ನ ಗ್ಲಿಯಾ ಹಾಸಿನಲ್ಲಿ ಮೈಕ್ರೊಗ್ಲಿಯಾ ಇತ್ತಲ್ಲ. ಅದು ಬ್ಯಾಕ್ಟೀರಿಯಾ ಬಂತು ಅಂತ ನಂಬಿ ಟಿಎನ್‌ಎಫ್, ಐಎಲ್-1 ಎಲ್ಲ ಬಿಟ್ಟಿರಬೇಕು. ಹಿಪೊಕ್ಯಾಂಪಸ್ ಕೋಶಗಳ ಬೆಳವಣಿಗೆಯನ್ನು, ಕವಲನ್ನು ಟಿಎನ್‌ಎಫ್ ತಡೆಯುತ್ತದೆ ಅನ್ನುವುದು 2002ರಿಂದಲೇ ಗೊತ್ತು. ಕೋಶದ ಒಳಗಿನ ಅಸ್ಥಿಪಂಜರವನ್ನು ಕುಗ್ಗಿಸುವ ರೋ ಅನ್ನುವ ಪ್ರೋಟೀನಿನ ಮೂಲಕ ಅದು ಕೆಲಸ ಮಾಡುತ್ತದೆ. ಅಂದರೆ ನಾನು ಐಎಲ್-6 ದನಿ ಅಂತ ಕೇಳಿಸಿಕೊಂಡದ್ದು ಬಹುಶಃ ಪಕ್ಕದ ಮನೆಯವರ ದನಿ. ನಾನು ಹಾಕಿದ್ದು ಒಂದು, ನರಕೋಶಕ್ಕೆ ಮುಟ್ಟಿದ್ದು ಇನ್ನೊಂದು, ನಡುವೆ ಮೂರನೆಯ ಕೋಶ.

ಅದೇ ಟಿಎನ್‌ಎಫ್ ಬಗ್ಗೆ ಇನ್ನೊಂದು ಸಂಗತಿ ಇಲ್ಲಿ ಹೇಳದೆ ಇರಲಾರೆ. 2006ರಲ್ಲಿ ಸ್ಟೆಲ್‌ವ್ಯಾಗನ್ ಮತ್ತು ಮಲೆಂಕಾ ತೋರಿಸಿದ್ದು: ನರಕೋಶಗಳ ನಡುವೆ ಚಟುವಟಿಕೆ ತುಂಬ ಹೊತ್ತು ಕಡಿಮೆಯಾದರೆ, ಗ್ಲಿಯಾ ಬಿಡುವ ಟಿಎನ್‌ಎಫ್ ಆ ಸಂಪರ್ಕಗಳ ಬಲ ಹೆಚ್ಚಿಸಿ ಸರಿದೂಗಿಸುತ್ತದೆ. ಕವಲನ್ನು ತಡೆಯುವ ಅಣುವೇ ಇಲ್ಲಿ ರೇಡಿಯೊದ ವಾಲ್ಯೂಮ್ ಏರಿಸುವ ಕೈ. ಅದಕ್ಕೇ ಈ ಅಣು ಒಳ್ಳೆಯದಾ ಕೆಟ್ಟದಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ಯಾವ ವಯಸ್ಸಿನ ಕೋಶಕ್ಕೆ, ಎಷ್ಟು, ಎಷ್ಟು ದಿನ, ಪಕ್ಕದಲ್ಲಿ ಯಾರಿದ್ದರು?

ಆಗಸ್ಟಿನಲ್ಲಿ ಅತ್ತಿಗೆಗೆ ಜ್ವರ ಬಂತು. ಐದನೇ ತಿಂಗಳ ಬಸುರಿ. ಕೋವಿಡ್ ಅಲ್ಲ ಅಂತ ಟೆಸ್ಟಿನಲ್ಲಿ ಗೊತ್ತಾಯಿತು, ಎರಡು ದಿನದಲ್ಲಿ ಜ್ವರ ಬಿಟ್ಟಿತು. ಆದರೆ ಅವರ ತಲೆಯಿಂದ ಹೆದರಿಕೆ ಬಿಡಲಿಲ್ಲ. ಒಂದು ಸಂಜೆ ಚಾವಡಿಗೆ ಬಂದು ಪಕ್ಕದಲ್ಲಿ ಕೂತರು. “ನೀನು ಅದನ್ನೇ ಓದ್ತಾ ಇದ್ದೀಯಲ್ಲ, ಬಸುರಿಗೆ ಜ್ವರ ಬಂದರೆ ಮಗುವಿನ ಮೆದುಳಿಗೆ ಏನಾದರೂ ಆಗ್ತದಾ? ನಿಜ ಹೇಳು.”

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಬೇರೆಯೇ ಭಾರ ಇದೆ. ಎಣ್ಮಕಜೆ, ಪಡ್ರೆಯ ಕಡೆ ಗೇರು ತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲ 2000ದಲ್ಲಿ ಮುಗಿಯಿತು. ಮೆದುಳು ಸರಿಯಾಗಿ ಬೆಳೆಯದ ಮಕ್ಕಳನ್ನು ಎತ್ತಿಕೊಂಡ ತಾಯಂದಿರನ್ನು ನೋಡುತ್ತಾ ಬೆಳೆದವರು ನಾವು. ನನಗೆ ಮೆದುಳಿನ ಬೆಳವಣಿಗೆಯ ಮೇಲೆ ಮನಸ್ಸು ಹೋದದ್ದು ಅಲ್ಲಿಂದಲೇ. ಎಂಡೋಸಲ್ಫಾನ್ ವಿಷಯ ಬೇರೆ, ಅತ್ತಿಗೆಯ ಜ್ವರ ಬೇರೆ, ಎರಡನ್ನೂ ಒಂದೇ ಚೀಲಕ್ಕೆ ಹಾಕಬಾರದು. ಆದರೆ ಅತ್ತಿಗೆಯ ಕಣ್ಣಲ್ಲಿ ಇದ್ದದ್ದು ಆ ಮಕ್ಕಳ ಚಿತ್ರ ಅಂತ ನನಗೆ ಗೊತ್ತಿತ್ತು.

ನಾನು ಗೊತ್ತಿದ್ದದ್ದನ್ನು ಗೊತ್ತಿದ್ದಷ್ಟೇ ಹೇಳಿದೆ. ಇಲಿಗಳಲ್ಲಿ ನೋಡಿದ್ದು ನಿಜ. ಅಲ್ಲಿ ಕೊಡುವ ಪ್ರಮಾಣ, ಕೊಡುವ ದಿನ ಎಲ್ಲ ಆಯ್ದು ಕೊಡುವುದು, ಮೈಯನ್ನು ಜೋರಾಗಿ ಎಬ್ಬಿಸಬೇಕು ಅಂತಲೇ ಕೊಡುವುದು. ಮನುಷ್ಯರಲ್ಲಿ, ಬಸುರಿಯರು ಆಸ್ಪತ್ರೆಗೆ ಸೇರುವಷ್ಟು ಜೋರಾದ ಸೋಂಕಿಗೂ ಮಕ್ಕಳ ಬೆಳವಣಿಗೆಗೂ ಸ್ವಲ್ಪ ಸಂಬಂಧ ಕಂಡಿದೆ, ಆದರೆ ಹಾಗೆ ಜ್ವರ ಬಂದ ತಾಯಂದಿರ ಮಕ್ಕಳಲ್ಲೂ ಬಹುಪಾಲು ಮಕ್ಕಳು ಏನೂ ತೊಂದರೆಯಿಲ್ಲದೆ ಬೆಳೆಯುತ್ತಾರೆ. ಎರಡು ದಿನದ ಜ್ವರ, ಡಾಕ್ಟರು ಹೇಳಿದ ಹಾಗೆ ಮಾತ್ರೆ ತೆಗೆದುಕೊಂಡು ಇಳಿಸಿದ್ದೀರಿ, ಮಾಡಬೇಕಾದದ್ದು ಅದೇ. ಜ್ವರವನ್ನು ಹಾಗೇ ಬಿಡಬಾರದು, ಲಸಿಕೆ ತಪ್ಪಿಸಬಾರದು, ಅಷ್ಟು. ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಡಿಶ್‌ನಲ್ಲಿ ನೋಡಿದ್ದು ಹೊಟ್ಟೆಯಲ್ಲೂ ಹಾಗೇ ಆಗ್ಬೇಕಂತ ಇಲ್ಲ ಅಲ್ವಾ?” ಅಂದರು. ಇಲ್ಲ ಅಂದೆ. ನನ್ನ ಗೈಡ್ ಕೇಳಿದ ಪ್ರಶ್ನೆಯಷ್ಟೇ ಸರಿಯಾದ ಪ್ರಶ್ನೆ ಅದು.

ಲ್ಯಾಬಿಗೆ ಮರಳಿದ ಮೇಲೆ ಮೊದಲು ಮಾಡಿದ ಕೆಲಸ ಬಫರ್ ಪರೀಕ್ಷೆ. ಎಂಡೊಟಾಕ್ಸಿನ್ ಹಿಡಿಯುವ ಎಲ್‌ಎಎಲ್ ಪರೀಕ್ಷೆ ಇದೆ, ಕುದುರೆಲಾಳದ ಏಡಿ ಅಂತ ಕರೆಯುವ ಒಂದು ಸಮುದ್ರ ಜೀವಿಯ ರಕ್ತಕೋಶಗಳಿಂದ ಮಾಡಿದ್ದು. ಬ್ಯಾಕ್ಟೀರಿಯಾ ಸೋಕಿದರೆ ಅದರ ರಕ್ತ ಹೆಪ್ಪುಗಟ್ಟುವುದನ್ನು ಫ್ರೆಡೆರಿಕ್ ಬ್ಯಾಂಗ್ 1956ರಲ್ಲಿ ವರದಿ ಮಾಡಿದ್ದರು. ಸಣ್ಣ ಗಾಜಿನ ಟ್ಯೂಬಿಗೆ ಸ್ವಲ್ಪ ಬಫರ್, ಅಷ್ಟೇ ರೀಏಜೆಂಟ್, 37 ಡಿಗ್ರಿಯಲ್ಲಿ ಒಂದು ಗಂಟೆ, ಅಲ್ಲಾಡಿಸದೆ. ಆಮೇಲೆ ಟ್ಯೂಬನ್ನು ಒಂದೇ ಸಲ ತಲೆಕೆಳಗೆ ಮಾಡಬೇಕು. ಖರೀದಿಸಿದ ಬಫರಿನ ಟ್ಯೂಬ್ ಮಗುಚಿದೆ, ನೀರು ಕೆಳಗಿಳಿಯಿತು. ನನ್ನ ಬಫರಿನದ್ದು ಮಗುಚಿದೆ. ಇಳಿಯಲಿಲ್ಲ. ಮೊಸರು ಹೆಪ್ಪಾದ ಹಾಗೆ ಟ್ಯೂಬಿನ ತಳದಲ್ಲೇ ನಿಂತಿತು. ಆಮೇಲೆ ಒಂದೊಂದಾಗಿ ಹುಡುಕಿದೆ: ಆಲ್ಬುಮಿನ್ ಅಲ್ಲ, ಉಪ್ಪಲ್ಲ, ಐಎಲ್-6 ಪುಡಿಯೂ ಅಲ್ಲ. ಪ್ಲಾಸ್ಟಿಕ್ ಕ್ಯಾನಿನ ನೀರು. ದಿನಗಟ್ಟಲೆ ನಿಂತ ನೀರು, ಕ್ಯಾನಿನ ಒಳಗೋಡೆಯಲ್ಲಿ ಕಾಣದಷ್ಟು ತೆಳುವಾದ ಪಾಚಿಯಂಥ ಪೊರೆ.

ನನ್ನ ಅಪ್ಪ ಅಡಿಕೆಗೆ ಮದ್ದು ಬಿಡುವ ಮೊದಲು ಮೈಲುತುತ್ತು, ಸುಣ್ಣ ಬೆರೆಸಿ, ಉಜ್ಜಿ ಹೊಳೆಯುವ ಹಾಗೆ ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಕತ್ತಿಗೆ ಕೆಂಪು ತಾಮ್ರ ಕಟ್ಟಿದರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಬಿಟ್ಟರೆ ಹಿಂಗಾರ ಸುಟ್ಟುಹೋಗುತ್ತದೆ. ಪ್ರತಿ ಬ್ಯಾರಲಿಗೂ ಅದ್ದುತ್ತಾರೆ, ನಿನ್ನೆಯ ಲೆಕ್ಕದಲ್ಲೇ ಬೆರೆಸಿದ್ದರೂ. ಚಿಕ್ಕಂದಿನಿಂದ ನೋಡಿದ ಕೆಲಸ. ಆ ಟ್ಯೂಬ್ ಹಿಡಿದು ನಿಂತಾಗ ನನಗೆ ಆ ಕತ್ತಿ ನೆನಪಾಯಿತು. ಈಗ ಹೊಸ ಬಫರ್ ಮಾಡಿದ ದಿನವೇ ಟ್ಯೂಬ್ ಮಗುಚಿ ನೋಡುತ್ತೇನೆ, ಬಾಟಲಿಯ ಮೇಲೆ ತಾರೀಕಿನ ಜೊತೆ ಅದನ್ನೂ ಬರೆಯುತ್ತೇನೆ. ಕಂಟ್ರೋಲ್ ಡಿಶ್‌ಗೂ ಐಎಲ್-6 ಡಿಶ್‌ಗೂ ಒಂದೇ ಬಾಟಲಿ, ಒಂದೇ ಪ್ರಮಾಣ. ಕುದಿಸಿದ್ದು ಯಾವಾಗಲೂ ಪಕ್ಕದಲ್ಲಿ. ಎಲ್‌ಪಿಎಸ್ ಒಂದನ್ನೇ ಹಾಕಿದ ಡಿಶ್ ಕೂಡ ಬೇಕು, ಅದರ ಮುಖ ಹೇಗಿರುತ್ತದೆ ಅಂತ ಗೊತ್ತಿದ್ದರೆ ತಾನೇ ಬೇರೆ ಕಡೆ ಕಂಡಾಗ ಗುರುತು ಸಿಗುವುದು.

ಎರಡನೇ ಸುತ್ತಿನಲ್ಲಿ ಕೋಶಗಳನ್ನು ಎರಡು ರೀತಿ ಬೆಳೆಸಿದೆ. ಒಂದು ಮೊದಲಿನ ಹಾಗೆ ಗ್ಲಿಯಾ ಹಾಸಿನ ಮೇಲೆ. ಇನ್ನೊಂದು ನರಕೋಶ ಮಾತ್ರ, ಗ್ಲಿಯಾ ಹೆಚ್ಚದ ಹಾಗೆ ಅರಾ-ಸಿ ಅನ್ನುವ ಮದ್ದು ಹಾಕಿ. ಉಪ್ಪಳದ ಹುಡುಗಿ ಮತ್ತೆ ಸ್ಟೇಷನ್ ಹೆಸರಿಟ್ಟಳು, ಈ ಸಲ ಕಾಞಂಗಾಡಿನಿಂದ ಶುರು, ಡಿಶ್ ಜಾಸ್ತಿ ಇತ್ತಲ್ಲ. ಮೂರು ವಾರ ಎಣಿಸಿದೆ.

ಪಟ್ಟಿ ಬಿಡಿಸಿದ್ದು ಸಂಜೆಯ ರೈಲಿನಲ್ಲಿ, ಇಬ್ಬರೂ ಕಿಟಕಿ ಪಕ್ಕ ಎದುರೆದುರು ಕೂತು. ಎಲ್‌ಪಿಎಸ್ ಗ್ಲಿಯಾ ಹಾಸಿನ ಮೇಲಿದ್ದ ಕೋಶಗಳನ್ನು ಮೊಂಡು ಮಾಡಿತ್ತು, ಒಂಟಿ ನರಕೋಶಗಳನ್ನು ಮುಟ್ಟಿರಲಿಲ್ಲ. ಟಿಎನ್‌ಎಫ್ ಎರಡು ಕಡೆಯೂ ಕವಲು ಕಡಿಮೆ ಮಾಡಿತ್ತು, ಕುದಿಸಿದ ಟಿಎನ್‌ಎಫ್ ಏನೂ ಮಾಡಿರಲಿಲ್ಲ. ಶುದ್ಧ ಬಫರಿನ ಐಎಲ್-6 ಒಂಟಿ ನರಕೋಶಗಳ ಮೇಲೆ ಕಂಟ್ರೋಲಿಗಿಂತ ಬೇರೆಯಾಗಿ ಏನನ್ನೂ ಮಾಡಿರಲಿಲ್ಲ. ಪಾಯಸ ಮಾಡಿಸಿದ ಫಲಿತಾಂಶ ಇಲ್ಲವಾಯಿತು. ಆದರೂ ಆ ಸಂಜೆ ನನಗೆ ಫೆಬ್ರವರಿಗಿಂತ ಜಾಸ್ತಿ ಸಂತೋಷ ಆಯಿತು, ಯಾಕೆಂದರೆ ಈ ಸಲ ಯಾರು ಮಾತಾಡಿದರು ಅಂತ ನನಗೆ ಗೊತ್ತಿತ್ತು.

“ಐಎಲ್-6 ಯಾಕೆ ಏನೂ ಮಾಡಲಿಲ್ಲ?” ಅಂತ ಅವಳು ಕೇಳಿದಳು. ಐಎಲ್-6 ಕೇಳಿಸಬೇಕಾದರೆ ಎರಡು ಭಾಗ ಬೇಕು. ಜಿಪಿ130 ಅನ್ನುವುದು ಬಹುತೇಕ ಎಲ್ಲ ಕೋಶಗಳಲ್ಲೂ ಇದೆ. ಐಎಲ್-6ರದ್ದೇ ಆದ ರಿಸೆಪ್ಟರ್ ಕೆಲವು ಕೋಶಗಳಲ್ಲಿ ಮಾತ್ರ. ಆದರೆ ಆ ರಿಸೆಪ್ಟರ್ ಕೋಶದಿಂದ ಕಳಚಿ ತೇಲುತ್ತಲೂ ಇರುತ್ತದೆ. ತೇಲುವ ರಿಸೆಪ್ಟರ್ ಐಎಲ್-6ನ್ನು ಹಿಡಿದುಕೊಂಡು ಬಂದು ಜಿಪಿ130 ಮಾತ್ರ ಇರುವ ಕೋಶದ ಬಾಗಿಲು ತಟ್ಟಬಲ್ಲದು. ನನ್ನ ಒಂಟಿ ನರಕೋಶಗಳ ಡಿಶ್‌ನಲ್ಲಿ ಅದನ್ನು ಹೊತ್ತು ತರುವವರು ಸಾಕಷ್ಟು ಇದ್ದಿರಲಿಕ್ಕಿಲ್ಲ.

ರೈಲು ಮಂಜೇಶ್ವರ ದಾಟಿತ್ತು. ಅವಳು ಪುಸ್ತಕದ ಹೊಸ ಪುಟ ತೆಗೆದು ಗೆರೆ ಎಳೆದಳು. ಮೊದಲ ಸಾಲು ಬಫರ್ ಮಾತ್ರ. ಎರಡು, ಐಎಲ್-6. ಮೂರು, ತೇಲುವ ರಿಸೆಪ್ಟರ್ ಮಾತ್ರ. ನಾಲ್ಕು, ಎರಡೂ ಸೇರಿ. ಐದು, ಎರಡೂ ಸೇರಿ ಕುದಿಸಿದ್ದು. ಉಪ್ಪಳ ಬಂತು, ಪುಸ್ತಕ ಚೀಲಕ್ಕೆ ಹಾಕಿಕೊಂಡು ಇಳಿದಳು. ಆ ಐದು ಸಾಲಿನ ಡಿಶ್‌ಗಳು ಈಗ ಇನ್‌ಕ್ಯುಬೇಟರಿನಲ್ಲಿವೆ, ಇವತ್ತಿಗೆ ಐದನೇ ದಿನ.